ಹತ್ತು ಸೆಂಟಿನ ಹೊತ್ತಗೆ: ಅದರ ಬೆಲೆ, ಅದರ ಬಾಳು

1938ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪತ್ರಿಕೆಯಂಗಡಿಗಳಿಗೆ ಒಂದು ಹೊಸ ಚಿತ್ರಕಥೆಯ ಪುಸ್ತಕ ಬಂದಿತು. ಅದರ ಹೆಸರು ‘ಆ್ಯಕ್ಷನ್ ಕಾಮಿಕ್ಸ್’; ಸಂಚಿಕೆ ಮೊದಲನೆಯದು; ಬೆಲೆ 10 ಸೆಂಟು. ನೀಲಿ ಉಡುಪು ತೊಟ್ಟು ಕೆಂಪು ಮೇಲುಹೊದಿಕೆ ಹೊದ್ದ ವೀರನೊಬ್ಬ ಹಸುರು ಬಣ್ಣದ ಮೋಟಾರುಗಾಡಿಯನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಿರುವ ಚಿತ್ರ ಅದರ ರಕ್ಷಾಪುಟದ ಮೇಲಿತ್ತು. ಅದೇ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹರಾಜಿಗೆ ಬಂದು 60 ಲಕ್ಷ ಡಾಲರಿಗೆ ಮಾರಾಟವಾಯಿತು. 2025ರ ನವೆಂಬರ್‌ನಲ್ಲಿ, ಅದೇ ವೀರನ ಹೆಸರನ್ನು ಹೊತ್ತ ‘ಸೂಪರ್‌ಮ್ಯಾನ್’ ಪತ್ರಿಕೆಯ 1939ರ ಮೊದಲ ಸಂಚಿಕೆಯೊಂದು 91 ಲಕ್ಷ ಡಾಲರನ್ನೂ ದಾಟಿತು. ಮೊದಲು ಹೇಳಿದ ಪ್ರತಿಯನ್ನೇ ತೆಗೆದುಕೊಂಡರೆ, ಅದರ ಬೆಲೆ ಆರು ಕೋಟಿ ಪಟ್ಟು ಏರಿದಂತಾಯಿತು. ಚಿನ್ನವಾಗಲಿ ವಜ್ರವಾಗಲಿ ಈ ಬಗೆಯಲ್ಲಿ ಏರಿದ್ದನ್ನು ನಾವು ಕೇಳಿಲ್ಲ.

ವಿಜ್ಞಾನದ ಪತ್ರಿಕೆಯಲ್ಲಿ ಮಕ್ಕಳ ಚಿತ್ರಕಥೆಗೇನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಬೆಲೆಯ ಗುಟ್ಟಿನ ದೊಡ್ಡ ಭಾಗ ಅಡಗಿರುವುದು ಕಥೆಯಲ್ಲಲ್ಲ, ಕಾಗದದಲ್ಲಿ. ಕಾಗದವೆಂಬುದು ರಸಾಯನಶಾಸ್ತ್ರದ ವಸ್ತು. ಅಷ್ಟೇ ಅಲ್ಲ, ಈ ಹೊತ್ತಗೆಗಳನ್ನು ಇಂದು ಕೊಂಡು ಕೂಡಿಡುತ್ತಿರುವ ರೀತಿ ಅವುಗಳ ಬೆಲೆಯನ್ನು ಕಾಯುವುದರಲ್ಲಿ ತೋರುವಷ್ಟು ಆಸ್ಥೆಯನ್ನು ಅವುಗಳ ಬಾಳನ್ನು ಕಾಯುವುದರಲ್ಲಿ ತೋರುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಹಳೆಯದಾದುದರಿಂದ ಬೆಲೆ ಬಂದಿತೆಂದು ಹೇಳುವುದು ಸುಲಭ. ಆದರೆ 1938ಕ್ಕಿಂತ ನೂರು ವರ್ಷ ಹಳೆಯದಾದ ಧರ್ಮೋಪದೇಶದ ಪುಸ್ತಕಗಳು ಇಂಗ್ಲೆಂಡಿನ ಹಳೆಯ ಪುಸ್ತಕದಂಗಡಿಗಳಲ್ಲಿ ಒಂದು ಊಟದ ಬೆಲೆಗೆ ದೊರೆಯುತ್ತವೆ. ವಿರಳವಾದುದರಿಂದ ಎಂದರೆ ಅದೂ ಅರ್ಧ ಸತ್ಯ. ಆ ಮೊದಲ ಸಂಚಿಕೆಯನ್ನು ಅಚ್ಚು ಹಾಕಿದ್ದು ಸುಮಾರು 2 ಲಕ್ಷ ಪ್ರತಿ. ಅವುಗಳಲ್ಲಿ ಇಂದು ಉಳಿದಿರುವುದು ಸುಮಾರು ನೂರು ಎಂದು ಬಲ್ಲವರು ಅಂದಾಜು ಮಾಡುತ್ತಾರೆ. ಅಂದರೆ ಅದು ವಿರಳವಾಗಿ ಹುಟ್ಟಲಿಲ್ಲ. ಹುಟ್ಟಿದ ಮೇಲೆ ವಿರಳವಾಯಿತು. ಎರಡು ಸಾವಿರ ಪ್ರತಿಗಳಲ್ಲಿ ಒಂದು ಉಳಿದು 1,999 ಎಲ್ಲಿ ಹೋದುವು ಎಂಬುದನ್ನು ವಿಚಾರಿಸಿದರೆ ಬೆಲೆಯ ಮೂಲ ತಾನಾಗಿ ಗೋಚರಿಸುತ್ತದೆ.

ಅವು ಹೋದದ್ದು ಮುಖ್ಯವಾಗಿ ಮಕ್ಕಳ ಕೈಯಲ್ಲಿ. ಹತ್ತು ಸೆಂಟು ಕೊಟ್ಟ ಹುಡುಗ ಪುಸ್ತಕವನ್ನು ಸುರುಳಿ ಸುತ್ತಿ ಕಿಸೆಗೆ ತುರುಕಿದನು, ಮರದ ಮೇಲೆ ಕುಳಿತು ಓದಿದನು, ಗೆಳೆಯನಿಗೆ ಕೊಟ್ಟು ಬೇರೊಂದನ್ನು ಪಡೆದನು. ಒಂದೊಂದು ಪುಸ್ತಕ ಹತ್ತಾರು ಕೈ ದಾಟಿ, ರಕ್ಷಾಪುಟ ಕಳಚಿ, ಕೊನೆಗೆ ಒಲೆಯನ್ನೋ ಕಸದ ಡಬ್ಬಿಯನ್ನೋ ಸೇರಿತು. ಎರಡನೆಯ ಮಹಾಯುದ್ಧ ಬಂದಾಗ ಹಳೆಯ ಕಾಗದವನ್ನು ಕೂಡಿಸುವ ಚಳವಳಿ ಊರೂರಿನಲ್ಲಿ ನಡೆಯಿತು. ಮದ್ದುಗುಂಡಿನ ಪೆಟ್ಟಿಗೆಗಳಿಗೆ ರಟ್ಟು ಬೇಕಾಗಿತ್ತು. ಶಾಲೆಯ ಮಕ್ಕಳೇ ಕೈಗಾಡಿಗಳನ್ನೆಳೆದು ಮನೆಮನೆಯ ಕಾಗದವನ್ನು ಒಟ್ಟುಗೂಡಿಸಿದರು, ತಮ್ಮ ಚಿತ್ರಕಥೆಗಳನ್ನೂ ಸೇರಿಸಿ ಕೊಟ್ಟರು. ಯುದ್ಧ ಮುಗಿದ ಮೇಲೆ ಇನ್ನೊಂದು ಗಾಳಿ ಬೀಸಿತು. ಇಂಥ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂಬ ಕೂಗೆದ್ದು, 1948ರಲ್ಲಿ ಪಶ್ಚಿಮ ವರ್ಜೀನಿಯದ ಸ್ಪೆನ್ಸರ್ ಎಂಬ ಊರಿನಲ್ಲಿ ಸುಮಾರು 2,000 ಪುಸ್ತಕಗಳನ್ನು ರಾಶಿ ಹಾಕಿ ಮಕ್ಕಳ ಕೈಯಿಂದಲೇ ಸುಡಿಸಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ ಈ ಪುಸ್ತಕಗಳನ್ನು ಖಂಡಿಸಿ ಗ್ರಂಥವನ್ನೇ ಬರೆದರು. ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ಕಟ್ಟುಪಾಡನ್ನು ವಿಧಿಸಿಕೊಂಡರು. ಮಕ್ಕಳ ಪ್ರೀತಿ, ದೇಶದ ಭಕ್ತಿ, ಹಿರಿಯರ ಕೋಪ ಈ ಮೂರೂ ಸೇರಿ ಆ ಪುಸ್ತಕಗಳನ್ನು ಮುಗಿಸಿದುವೆನ್ನಬಹುದು.

ಹೀಗೆ ನಾಶವಾದುದೇ ಬೆಲೆಗೆ ಕಾರಣವೆಂಬುದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಒಂದು ಪುರಾವೆಯೂ ಉಂಟು. 1990ರ ದಶಕದ ಮೊದಲಲ್ಲಿ ಹಳೆಯ ಸಂಚಿಕೆಗಳ ಬೆಲೆಯನ್ನು ಪತ್ರಿಕೆಗಳಲ್ಲಿ ಓದಿದ ಜನ ಹೊಸ ಸಂಚಿಕೆಗಳನ್ನೇ ಐದೈದು ಹತ್ತು ಹತ್ತು ಪ್ರತಿ ಕೊಂಡು, ತೆರೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿಟ್ಟರು. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷ ಪ್ರತಿಗಳಿಗೂ ಮಿಕ್ಕಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನನ ಮರಣವನ್ನು ಚಿತ್ರಿಸಿದ ಸಂಚಿಕೆ ಕಪ್ಪು ಚೀಲದಲ್ಲಿ ಮುಚ್ಚಿಕೊಂಡೇ ಅಂಗಡಿಗೆ ಬಂದು ಲಕ್ಷ ಲಕ್ಷವಾಗಿ ಮಾರಿಹೋಯಿತು. ಮಕ್ಕಳ ವಿದ್ಯಾಭ್ಯಾಸಕ್ಕೆ ಆದೀತೆಂದು ಕಾದಿಟ್ಟ ತಂದೆತಾಯಿಗಳೂ ಇದ್ದರು. ಎಲ್ಲರೂ ಕಾದಿಟ್ಟುದರಿಂದ ಯಾವುದೂ ಹಾಳಾಗಲಿಲ್ಲ. ಹಾಳಾಗದೆ ಉಳಿದುದರಿಂದ ಅವುಗಳ ಸಾಧಾರಣ ಪ್ರತಿ ಇಂದಿಗೂ ಕೆಲವೇ ಡಾಲರಿಗೆ ಸಿಕ್ಕುತ್ತದೆ. ಆ ದಶಕ ಮುಗಿಯುವುದರೊಳಗೆ ಚಿತ್ರಕಥೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಮುಚ್ಚಿದುವು. ಅರ್ಥಶಾಸ್ತ್ರದ ಉಪಾಧ್ಯಾಯರು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಉಳಿವು ವಿರಳವಾದರೆ ಸಾಲದು, ಉಳಿದುದಕ್ಕೆ ಒಂದು ಅರ್ಥವೂ ಇರಬೇಕು. ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಹಲವು ಕಥೆಗಳಿದ್ದುವು. ಸೂಪರ್‌ಮ್ಯಾನನ ಪಾಲಿಗೆ ಬಂದದ್ದು 13 ಪುಟ. ಆದರೆ ಮುಂದೆ ಜಗತ್ತಿನ ಮಕ್ಕಳ ಕಲ್ಪನೆಯನ್ನು ಆಳಿದ ವೀರವರ್ಗವೊಂದು ಅಲ್ಲಿಂದ ಹೊರಟಿತು. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1939ರ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ. ಸ್ಪೈಡರ್‌ಮ್ಯಾನ್ ಕಾಣಿಸಿಕೊಂಡದ್ದು 1962ರ ‘ಅಮೇಝಿಂಗ್ ಫ್ಯಾಂಟಸಿ’ 15ನೆಯ ಸಂಚಿಕೆಯಲ್ಲಿ. ಈ ಎರಡನೆಯದರ ಒಂದು ಅಚ್ಚುಕಟ್ಟಾದ ಪ್ರತಿಗೆ 2021ರಲ್ಲಿ 36 ಲಕ್ಷ ಡಾಲರು ಬಂದಿತು. ಸಂಗ್ರಾಹಕರು ‘ಮೊದಲ ದರ್ಶನ’ಕ್ಕೆ ಕೊಡುವ ಬೆಲೆ ಇದು. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರು ಆ ವೀರನ ಸಕಲ ಹಕ್ಕುಗಳನ್ನೂ 130 ಡಾಲರಿಗೆ ಬರೆದುಕೊಟ್ಟರು. ಮುಂದೆ ದಶಕಗಳ ಹೋರಾಟದ ಬಳಿಕ, 1975ರಲ್ಲಿ, ಅವರಿಗೆ ವರ್ಷಾಶನವೂ ಕೃತಿಕಾರರೆಂಬ ಮನ್ನಣೆಯೂ ದೊರೆತುವು. ಆ 130 ಡಾಲರು ಸೇರಿ ಒಟ್ಟು 412 ಡಾಲರಿಗೆ ಬರೆದಿದ್ದ ಚೆಕ್ಕೇ 2012ರಲ್ಲಿ ಹರಾಜಿಗೆ ಬಂದು 1,60,000 ಡಾಲರಿಗೆ ಹೋಯಿತು. ಕಲಾವಿದನಿಗೆ ಸಲ್ಲದ ಹಣ ಅವನಿಗೆ ಕೊಟ್ಟ ಚೀಟಿಗೆ ಸಂದಿತು!

ಇನ್ನು ಮೂರನೆಯ ಅಂಶ, ಪ್ರತಿಯ ಸ್ಥಿತಿ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಹಳೆಯ ಸಂಚಿಕೆಗಳ ಬೆಲೆಪಟ್ಟಿಯೊಂದನ್ನು ಪ್ರಕಟಿಸಿದರು. ಅದರಿಂದ ವ್ಯಾಪಾರಕ್ಕೆ ಒಂದು ಕ್ರಮ ಬಂದಿತು. 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಹಣ ಪಡೆದು ಪ್ರತಿಗಳನ್ನು ಪರೀಕ್ಷಿಸಿ, ಹತ್ತರ ಅಳತೆಯಲ್ಲಿ ಅಂಕ ಕೊಟ್ಟು, ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಕೋಶದೊಳಗೆ ಮುಚ್ಚಿ ಹಿಂದಿರುಗಿಸುವ ಏರ್ಪಾಡನ್ನು ತಂದಿತು. ಮೂಲೆ ಎಷ್ಟು ಮೊನಚಾಗಿದೆ, ಬೆನ್ನಿನ ಮಡಿಕೆಯಲ್ಲಿ ಎಷ್ಟು ಗೆರೆ ಬಿದ್ದಿದೆ, ಬಣ್ಣ ಎಷ್ಟು ಮಾಸಿದೆ, ತಂತಿಯ ಹೊಲಿಗೆಗೆ ತುಕ್ಕು ಹಿಡಿದಿದೆಯೆ, ಪುಟ ಬೆಳ್ಳಗಿದೆಯೆ ಕಂದಿದೆಯೆ ಎಂದೆಲ್ಲ ಅವರು ನೋಡುತ್ತಾರೆ. 2010ರ ಫೆಬ್ರವರಿಯಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ 8.0 ಅಂಕದ ಪ್ರತಿ 10 ಲಕ್ಷ ಡಾಲರಿಗೆ ಮಾರಿತು. ಮರು ತಿಂಗಳಲ್ಲೇ 8.5 ಅಂಕದ ಪ್ರತಿ 15 ಲಕ್ಷಕ್ಕೆ ಹೋಯಿತು. ಕಥೆ ಅದೇ, ಚಿತ್ರ ಅದೇ, ಅಚ್ಚು ಅದೇ. ಅರ್ಧ ಅಂಕದ ಅಂತರಕ್ಕೆ 5 ಲಕ್ಷ ಡಾಲರು. 2013ರಲ್ಲಿ ಮಿನೆಸೋಟ ರಾಜ್ಯದಲ್ಲಿ ಹಳೆಯ ಮನೆಯೊಂದನ್ನು ಕೊಂಡು ಗೋಡೆಯನ್ನು ಒಡೆಯುತ್ತಿದ್ದವರಿಗೆ, ಚಳಿ ತಡೆಯಲೆಂದು ಒಳಗೆ ತುಂಬಿದ್ದ ಹಳೆಯ ಕಾಗದದ ನಡುವೆ ಇದೇ ಸಂಚಿಕೆ ಸಿಕ್ಕಿತು. ಸಂಭ್ರಮದಲ್ಲಿ ನೆಂಟರೊಬ್ಬರ ಜೊತೆ ಎಳೆದಾಟವಾಗಿ ಹಿಂದಿನ ರಕ್ಷಾಪುಟ ಹರಿಯಿತು. 1.5 ಅಂಕ ಪಡೆದ ಆ ಪ್ರತಿ 1,75,000 ಡಾಲರಿಗೆ ಮಾರಿತಾದರೂ ಆ ಒಂದು ಹರಕಿನಿಂದ ಹತ್ತಾರು ಸಾವಿರ ಡಾಲರು ನಷ್ಟವಾಯಿತೆಂದು ವರ್ತಕರು ಲೆಕ್ಕ ಹಾಕಿದರು.

ಈಗ ಕಾಗದಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಪಾಶ್ಚಾತ್ಯ ದೇಶಗಳಲ್ಲಿ ಕಾಗದವನ್ನು ಮಾಡುತ್ತಿದ್ದುದು ಹರಕು ಬಟ್ಟೆಯ ನಾರಿನಿಂದ. ಓದುವವರು ಹೆಚ್ಚಿದರು, ಚಿಂದಿ ಸಾಲದಾಯಿತು. 1844ರಲ್ಲಿ ಜರ್ಮನಿಯ ಕೆಲ್ಲರ್ ಎಂಬವನೂ ಕೆನಡದ ನೋವಾ ಸ್ಕೋಷಿಯದ ಫೆನರ್ಟಿ ಎಂಬವನೂ, ಒಬ್ಬರನ್ನೊಬ್ಬರು ಅರಿಯದೆ, ಮರವನ್ನು ಕಲ್ಲಿಗೆ ಉಜ್ಜಿ ಅರೆದು ತಿರುಳು ಮಾಡಿ ಅದರಿಂದ ಕಾಗದ ತೆಗೆಯಬಹುದೆಂದು ತೋರಿಸಿದರು. ವಾರ್ತಾಪತ್ರಿಕೆ ಅಗ್ಗವಾದುದು ಈ ಅರೆದ ತಿರುಳಿನಿಂದ. ಚಿತ್ರಕಥೆಯ ಪುಸ್ತಕಗಳ ಒಳಪುಟಗಳೂ ಇದೇ ಕಾಗದ.

ಮರದಲ್ಲಿ ಮುಖ್ಯವಾಗಿ ಎರಡು ಬಗೆಯ ದ್ರವ್ಯಗಳುಂಟು. ಸೆಲ್ಯುಲೋಸ್ ಎಂಬುದು ಗ್ಲೂಕೋಸಿನ ಸಾವಿರಾರು ಅಣುಗಳು ಒಂದರ ಹಿಂದೊಂದು ಕೊಂಡಿ ಹಾಕಿಕೊಂಡಂಥ ಉದ್ದನೆಯ ಸರಪಣಿ. ಕಾಗದದ ಬಲವೆಲ್ಲ ಇದರದು. ಲಿಗ್ನಿನ್ ಎಂಬುದು ಈ ಎಳೆಗಳನ್ನು ಮರದೊಳಗೆ ಬಿಗಿಹಿಡಿಯುವ ಗಾರೆ. ಒಳ್ಳೆಯ ಬರವಣಿಗೆಯ ಕಾಗದವನ್ನು ಮಾಡುವಾಗ ರಾಸಾಯನಿಕಗಳಲ್ಲಿ ಬೇಯಿಸಿ ಲಿಗ್ನಿನ್ನನ್ನು ಕಳೆಯುತ್ತಾರೆ. ಅರೆದ ತಿರುಳಿನಲ್ಲಿ ಅದು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ದೇವದಾರಿನಂಥ ಮೆದುಮರಗಳಲ್ಲಿ ಅದರ ಪಾಲು ಕಾಲುಭಾಗಕ್ಕೂ ಹೆಚ್ಚು. ಬೆಳಕಿಗೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿದ ಲಿಗ್ನಿನ್ ಹಳದಿಯಾಗಿ ಬಳಿಕ ಕಂದಾಗುತ್ತದೆ. ನಿನ್ನೆಯ ವಾರ್ತಾಪತ್ರಿಕೆಯನ್ನು ಒಂದು ವಾರ ಬಿಸಿಲಿನಲ್ಲಿಟ್ಟು, ಅದರ ಮೇಲೊಂದು ನಾಣ್ಯವನ್ನೂ ಇರಿಸಿ ನೋಡಿರಿ. ನಾಣ್ಯವಿದ್ದ ಜಾಗ ಬೆಳ್ಳಗಿದ್ದು ಸುತ್ತಲೂ ಬಣ್ಣ ತಿರುಗಿರುವುದನ್ನು ಕಾಣುವಿರಿ.

ಬಣ್ಣ ತಿರುಗುವುದು ಕಣ್ಣಿಗೆ ಕಾಣುವ ಕೇಡು; ಅದಕ್ಕಿಂತ ದೊಡ್ಡದು ಕಾಣದ ಕೇಡು. ಕಾಗದದಲ್ಲಿ ಸ್ವಲ್ಪ ಆಮ್ಲವಿದ್ದರೆ, ತೇವದ ನೆರವಿನಿಂದ ಅದು ಸೆಲ್ಯುಲೋಸಿನ ಸರಪಣಿಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಇದಕ್ಕೆ ಜಲವಿಶ್ಲೇಷಣೆಯೆಂದು ಹೆಸರು. ಸರಪಣಿ ತುಂಡಾದಷ್ಟೂ ಕಾಗದದ ಬಾಗುವ ಗುಣ ಹೋಗಿ, ಕೊನೆಗೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಈ ಕ್ರಿಯೆಯಲ್ಲಿ ಹೊಸದಾಗಿ ಅಸೆಟಿಕ್, ಫಾರ್ಮಿಕ್ ಮೊದಲಾದ ಆಮ್ಲಗಳು ಹುಟ್ಟಿಕೊಳ್ಳುತ್ತವೆ. ಅವು ಮತ್ತೆ ಸರಪಣಿಯನ್ನು ಕತ್ತರಿಸಲು ತೊಡಗುತ್ತವೆ. ರೋಗವೇ ರೋಗವನ್ನು ಹೆರುವ ಬಗೆ ಇದು. ಹಳೆಯ ಪುಸ್ತಕವನ್ನು ತೆರೆದಾಗ ಬರುವ ಆ ಹಿತವಾದ ವಾಸನೆಯಿದೆಯಲ್ಲ, ಅದು ಬಹುಪಾಲು ಕಾಗದ ಕರಗುತ್ತಿರುವ ವಾಸನೆಯೇ. ತಂತಿಯ ಹೊಲಿಗೆಯ ತುಕ್ಕು ಈ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೇಡಿನ ವೇಗ ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ.

ಕೇಡನ್ನು ತಡೆದ ಸಂದರ್ಭಗಳು ಯಾರೂ ಉದ್ದೇಶಿಸದೆ ನಡೆದ ಪ್ರಯೋಗಗಳಂತಿವೆ. 1977ರಲ್ಲಿ ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ ಎಡ್ಗರ್ ಚರ್ಚ್ ಎಂಬ ಜಾಹೀರಾತು ಚಿತ್ರಕಾರನ ಮನೆಯಿಂದ ಸುಮಾರು 18,000ಕ್ಕೂ ಮಿಕ್ಕಿದ ಚಿತ್ರಕಥೆಯ ಪುಸ್ತಕಗಳು ಹೊರಬಂದುವು. ನಾಲ್ವತ್ತು ವರ್ಷ ಕಳೆದಿದ್ದರೂ ಪುಟಗಳು ಬೆಳ್ಳಗಿದ್ದುವು. ಇವತ್ತಿಗೂ ಸಂಗ್ರಾಹಕರು ಆ ಭಂಡಾರದ ಪ್ರತಿಗೆ ಬೇರೆಯೇ ಬೆಲೆ ಕಟ್ಟುತ್ತಾರೆ. ಇದರಲ್ಲಿ ಮಾಯೆಯೇನೂ ಇಲ್ಲ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಒಣಹವೆಯ ಊರು. ಪುಸ್ತಕಗಳು ಕತ್ತಲೆಯಲ್ಲಿ, ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟಿದ್ದುದರಿಂದ ಹಾಳೆಗಳ ನಡುವೆ ಗಾಳಿಯಾಡಲು ಅವಕಾಶವಿರಲಿಲ್ಲ. ತೇವವಿಲ್ಲ, ಬೆಳಕಿಲ್ಲ, ಗಾಳಿಯಿಲ್ಲ, ತಾಪವಿಲ್ಲ: ರಸಾಯನಶಾಸ್ತ್ರಜ್ಞನು ಹೇಳಬಹುದಾದ ಪಥ್ಯವೆಲ್ಲ ಅಲ್ಲಿ ತಾನಾಗಿ ನಡೆದಿತ್ತು. 2010ರಲ್ಲಿ 15 ಲಕ್ಷಕ್ಕೆ ಮಾರಿದ ಪ್ರತಿ ದೀರ್ಘಕಾಲ ಒಂದು ಹಳೆಯ ಸಿನಿಮಾ ಪತ್ರಿಕೆಯೊಳಗೆ ಹುದುಗಿದ್ದಿತಂತೆ. 91 ಲಕ್ಷದ ‘ಸೂಪರ್‌ಮ್ಯಾನ್’ ಸಿಕ್ಕಿದ್ದು ಉತ್ತರ ಕ್ಯಾಲಿಫೋರ್ನಿಯದ ಮನೆಯೊಂದರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ವಾರ್ತಾಪತ್ರಿಕೆಗಳ ಅಡಿಯಲ್ಲಿ. ಅಲ್ಲಿನ ತಂಪುಹವೆಯೇ ಅದನ್ನು ಕಾಯಿತೆಂದು ಹರಾಜಿನವರೇ ಹೇಳಿದರು. ಬಿಸಿಲುನಾಡಿನ ಅಟ್ಟದಲ್ಲಿದ್ದಿದ್ದರೆ ಅದರ ಗತಿ ಬೇರೆಯಾಗುತ್ತಿತ್ತು.

ಇಷ್ಟನ್ನು ತಿಳಿದ ಮೇಲೆ ಆ ಪ್ಲಾಸ್ಟಿಕ್ ಕೋಶದ ವಿಷಯದಲ್ಲಿ ನಮಗೆ ಹುಟ್ಟುವ ಸಂದೇಹಗಳನ್ನು ಹೇಳಬೇಕು. ಕೋಶ ಬೆರಳಿನ ಕೊಳೆಯನ್ನು ತಡೆಯುತ್ತದೆ, ಮೂಲೆ ಮುರಿಯದಂತೆ ಕಾಯುತ್ತದೆ, ಹುಸಿಪ್ರತಿಯನ್ನೋ ಬದಲಿಸಿದ ಪುಟವನ್ನೋ ನಿಜವೆಂದು ಮಾರುವ ಮೋಸಕ್ಕೆ ಅಡ್ಡಿಯಾಗುತ್ತದೆ. ಇವೆಲ್ಲ ನಿಜವಾದ ಉಪಕಾರಗಳು. ಆದರೆ ಅದು ಆಮ್ಲವನ್ನು ಕಳೆಯುವುದಿಲ್ಲ. ಆಮ್ಲವಿರುವ ಕಾಗದವನ್ನು ಹಾಗೆಯೇ ಪ್ಲಾಸ್ಟಿಕ್ ಹಾಳೆಗಳ ನಡುವೆ ಮುಚ್ಚಿದರೆ ಹೊರಹೋಗಬೇಕಾದ ಆವಿ ಒಳಗೇ ಉಳಿದು ಕಾಗದ ಇನ್ನೂ ಬೇಗ ಸವೆಯುತ್ತದೆಂಬುದನ್ನು ಗ್ರಂಥರಕ್ಷಣೆಯ ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅದಕ್ಕಾಗಿಯೇ ಕೋಶ ಕಟ್ಟುವವರು ಆಮ್ಲವನ್ನು ಹೀರುವ ವಿಶೇಷ ಹಾಳೆಯನ್ನು ಒಳಗಿರಿಸುತ್ತಾರೆ. ಹೀರುವ ಹಾಳೆಗೂ ಒಂದು ಮಿತಿಯುಂಟು. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಒಡೆಯನಾದವನು ಕೋಶವನ್ನು ಗೋಡೆಗೆ ತೂಗುಹಾಕಿ ಬೆಳಕಿಗೆ ಒಡ್ಡಿ, ಇಪ್ಪತ್ತು ವರ್ಷ ತಿರುಗಿ ನೋಡದಿದ್ದರೆ, ಚೀಟಿಯ ಮೇಲಿನ ಅಂಕ ಹಾಗೆಯೇ ನಿಂತಿರುತ್ತದೆ, ಕಾಗದ ನಿಂತಿರುವುದಿಲ್ಲ. ಅಂಕ ಹೇಳುವುದು ಪರೀಕ್ಷೆಯಾದ ದಿನದ ಸ್ಥಿತಿಯನ್ನು ಮಾತ್ರವೆಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಇನ್ನೊಂದು. ಮುಚ್ಚಿದ ಪುಸ್ತಕವನ್ನು ಓದುವಂತಿಲ್ಲ. ಒಳಪುಟಗಳಲ್ಲಿ ಒಂದನ್ನು ನೋಡಬೇಕಾದರೂ ಕೋಶವನ್ನು ಒಡೆಯಬೇಕು. ಒಡೆದರೆ ಅಂಕದ ಖಾತರಿ ಹೋಯಿತು, ಖಾತರಿಯೊಡನೆ ಬೆಲೆಯೂ ಹೋಯಿತು. ಆದ್ದರಿಂದ 60 ಲಕ್ಷ ಕೊಟ್ಟವನು ತಾನು ಕೊಂಡ ಪುಸ್ತಕದ ರಕ್ಷಾಪುಟವನ್ನಷ್ಟೇ ನೋಡುತ್ತ ಕೂಡುತ್ತಾನೆ. ಪುಸ್ತಕವಾಗಿದ್ದುದು ಚಿತ್ರಪಟವಾಗಿ, ಚಿತ್ರಪಟವೂ ಕೊನೆಗೆ ಷೇರುಪತ್ರವಾಗಿ ಬಿಡುತ್ತದೆ. ಇಂಥ ಪ್ರತಿ ಕೈಯಿಂದ ಕೈಗೆ ಹೋಗುವುದೂ ಷೇರಿನಂತೆಯೇ. ಚಿತ್ರನಟ ನಿಕೊಲಾಸ್ ಕೇಜ್ ಅವರ ಮನೆಯಿಂದ 2000ದಲ್ಲಿ ಕಳವಾದ ಪ್ರತಿ 2011ರಲ್ಲಿ ಒಂದು ಸಾಮಾನಿನ ಕೋಣೆಯಲ್ಲಿ ಸಿಕ್ಕಿ, ಅದೇ ವರ್ಷ 21 ಲಕ್ಷ ಡಾಲರಿಗೂ ಮಿಕ್ಕಿ ಮಾರಿತು. ಕಳವೂ ಕೂಡ ಅದರ ಚರಿತ್ರೆಗೆ ಸೇರಿ ಕೀರ್ತಿಯನ್ನು ಹೆಚ್ಚಿಸಿತು!

ದುರಸ್ತಿಯ ವಿಷಯದಲ್ಲಿ ಈ ಪೇಟೆಯ ನೀತಿ ಇನ್ನೂ ವಿಚಿತ್ರ. ಅಳಿದ ಬಣ್ಣಕ್ಕೆ ಬಣ್ಣ ಹಚ್ಚಿದ, ಹೋದ ಚೂರಿಗೆ ಬೇರೆ ಚೂರು ಕೂಡಿಸಿದ ಪ್ರತಿಗೆ ನೇರಿಳೆ ಬಣ್ಣದ ಚೀಟಿ ಅಂಟಿಸುತ್ತಾರೆ. ಅದನ್ನು ಕಂಡರೆ ಕೊಳ್ಳುವವರು ಹಿಂಜರಿದು ಬೆಲೆ ಇಳಿಯುತ್ತದೆ. ದುರಸ್ತಿಯನ್ನು ಮುಚ್ಚಿಟ್ಟು ಮಾರುವುದು ಮೋಸವೇ. ಹೇಳಿ ಮಾರಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗ್ರಂಥಾಲಯದ ನುರಿತ ಕೆಲಸಗಾರನು ಹರಿದ ಹಾಳೆಯನ್ನು ತೆಳುವಾದ ಜಪಾನಿ ಕಾಗದ ಮತ್ತು ಗಂಜಿಯ ಅಂಟಿನಿಂದ ಕೂಡಿಸುವುದು, ಬೇಕಾದರೆ ಮತ್ತೆ ಬಿಡಿಸಲು ಬರುವಂಥ ಚಿಕಿತ್ಸೆ. ಈ ಎರಡನ್ನೂ ಬಹುಕಾಲ ಒಂದೇ ತಕ್ಕಡಿಯಲ್ಲಿ ತೂಗಿದರು. ಪ್ರತ್ಯೇಕವಾದ ವರ್ಗವೊಂದನ್ನು ಮಾಡಿದ್ದು ಈಚೆಗೆ. ಅಷ್ಟಾದರೂ, ಚಿಕಿತ್ಸೆ ಪಡೆದು ಬದುಕಿದ ಪ್ರತಿಗಿಂತ ಯಾರೂ ಮುಟ್ಟದೆ ಸಾಯುತ್ತಿರುವ ಪ್ರತಿಯೇ ಮೇಲೆಂಬ ನಂಬಿಕೆ ಕೊಳ್ಳುವವರಲ್ಲಿ ಹೋಗಿಲ್ಲ. ವೈದ್ಯನ ಬಳಿಗೆ ಹೋದವನಿಗೆ ಹೆಣ್ಣು ಕೊಡುವುದಿಲ್ಲವೆಂದಂತಾಯಿತು.

ಕಾಗದಕ್ಕೆ ವೈದ್ಯವೂ ಇಲ್ಲದಿಲ್ಲ. ವರ್ಜೀನಿಯದ ವಿಲಿಯಂ ಬ್ಯಾರೊ ಎಂಬವರು 1950ರ ದಶಕದಲ್ಲಿ ಹಳೆಯ ಪುಸ್ತಕಗಳ ಕಾಗದವನ್ನು ಪರೀಕ್ಷಿಸಿ, ಕೇಡಿನ ಬೇರು ಆಮ್ಲದಲ್ಲಿದೆಯೆಂದು ಎತ್ತಿ ತೋರಿಸಿದರು. ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಲವಣಗಳ ನೀರಿನಲ್ಲಿ ಅದ್ದಿ ಆಮ್ಲವನ್ನು ಕಳೆಯುವ ಕ್ರಮವನ್ನೂ ರೂಪಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1990ರ ದಶಕದಿಂದ ಮೆಗ್ನೀಸಿಯಮ್ ಆಕ್ಸೈಡಿನ ನಯವಾದ ಪುಡಿಯನ್ನು ಕಾಗದದ ಮೇಲೆ ಕೂಡಿಸುವ ವಿಧಾನದಿಂದ ಲಕ್ಷಗಟ್ಟಲೆ ಪುಸ್ತಕಗಳ ಆಮ್ಲವನ್ನು ತಣಿಸಿತು. ಒಡೆದುಹೋದ ಸರಪಣಿಯನ್ನು ಇದು ಮತ್ತೆ ಬೆಸೆಯಲಾರದು, ಕಂದಿದ ಪುಟವನ್ನು ಬೆಳ್ಳಗೆ ಮಾಡಲಾರದು. ಉಳಿದಿರುವುದನ್ನು ಇನ್ನು ಹಲವು ದಶಕ ಉಳಿಸಬಲ್ಲದು, ಅಷ್ಟೆ. ಆದರೆ ಸಕಾಲದಲ್ಲಿ ಮಾಡಿದರೆ ಅಷ್ಟೂ ಬಹಳವಾಯಿತು.

ಹಣವಂತರು ಹೀಗೆ ಕೊಳ್ಳದಿದ್ದರೆ ಈ ಪುಸ್ತಕಗಳನ್ನು ಕಾಯುತ್ತಿದ್ದವರು ಯಾರು ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿ ಬಲವಿದೆ. ವಿದ್ವಾಂಸರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇವುಗಳನ್ನು ಕೂಡಿಟ್ಟವರು ಸಾಮಾನ್ಯ ಅಭಿಮಾನಿಗಳು. ಬಾಲ್ಯದಲ್ಲಿ ಓದಿದುದನ್ನು ದೊಡ್ಡವರಾದ ಮೇಲೆ ಹುಡುಕಿ ಹೊರಟವರು. ಪುಸ್ತಕಕ್ಕೆ ಬೆಲೆಯಿದೆಯೆಂದು ತಿಳಿದ ಮೇಲೆ ಅದನ್ನು ಒಲೆಗೆ ಹಾಕುವವರು ಕಡಿಮೆಯಾದರು. ಆದರೆ ಪೇಟೆಯ ಕಣ್ಣು ಬೀಳುವುದು ಮೊದಲ ಸಂಚಿಕೆ, ಮೊದಲ ದರ್ಶನ, ಒಂಬತ್ತರ ಮೇಲಿನ ಅಂಕ ಇವುಗಳ ಮೇಲೆ. 1940ರ ದಶಕದ ಪತ್ತೇದಾರಿ, ಕಾಡುರಾಣಿ, ಕೌಬಾಯ್, ಹಾಸ್ಯ ಮೊದಲಾದ ಸಾವಿರಾರು ಸಂಚಿಕೆಗಳಲ್ಲಿ ಆ ಕಾಲದ ಜನಜೀವನ, ಭಯ, ನಗೆ, ಜಾಹೀರಾತು, ಪರಜನಾಂಗದ ಬಗೆಗಿದ್ದ ಹೀನ ಭಾವನೆ ಎಲ್ಲವೂ ಅಚ್ಚಾಗಿವೆ. ಚರಿತ್ರೆ ಬರೆಯುವವನಿಗೆ ಅವು ಬೇಕು. ಅವುಗಳ ಹರಕು ಪ್ರತಿಗಳನ್ನು ಕೋಶದಲ್ಲಿಡುವವರಿಲ್ಲ, ಅವೂ ಅದೇ ಅರೆದ ತಿರುಳಿನ ಕಾಗದವೇ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಗ್ರಂಥಾಲಯ 1970ರ ದಶಕದಿಂದ ಇಂಥವನ್ನು ಅಂಕ ನೋಡದೆ ಕೂಡಿಸಿ ಎರಡು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಓದುವವರಿಗಾಗಿ ಇಟ್ಟಿದೆ. ಹಕ್ಕು ಮುಗಿದ ಹಳೆಯ ಸಂಚಿಕೆಗಳನ್ನು ಅಭಿಮಾನಿಗಳೇ ಪುಟಪುಟವಾಗಿ ಬಿಂಬ ತೆಗೆದು ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ ಎಂಬ ಹೆಸರಿನಲ್ಲಿ ಎಲ್ಲರಿಗೂ ಒದಗಿಸಿದ್ದಾರೆ. ಆ ಕೆಲಸಕ್ಕೆ ಬೆನ್ನು ಕಿತ್ತ, ಮೂಲೆ ಮುರಿದ ಪ್ರತಿಯೇ ಅನುಕೂಲ; ಬಿಡಿಸಿ ಹರಡಲು ಯಾರೂ ಹೆದರಬೇಕಾಗಿಲ್ಲ.

ನಮ್ಮ ನಾಡಿನ ಮಾತನ್ನೂ ಒಂದಿಷ್ಟು ಆಡಬೇಕು. 1964ರಿಂದ 1990ರವರೆಗೆ ಹೊರಟ ‘ಇಂದ್ರಜಾಲ ಕಾಮಿಕ್ಸ್’ ಕನ್ನಡದಲ್ಲಿಯೂ ಕೆಲಕಾಲ ಬಂದಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯನ್ನಂತೂ ಓದದ ಮನೆ ವಿರಳ. ಇವುಗಳ ಹಳೆಯ ಸಂಚಿಕೆಗಳಿಗೂ ಈಗ ಬೆಲೆ ಹುಟ್ಟುತ್ತಿದೆ. ಆದರೆ ನಮ್ಮ ಹವೆ ಡೆನ್ವರಿನದಲ್ಲ. ಕರಾವಳಿಯ ತೇವ, ಬಯಲುಸೀಮೆಯ ಬೇಸಗೆ, ಹೆಂಚಿನ ಕೆಳಗಿನ ಅಟ್ಟದ ಕಾವು ಮೂರೂ ಕಾಗದದ ಹಗೆಗಳೇ. ಗೆದ್ದಲು, ಬೆಳ್ಳಿಮೀನೆಂಬ ಹುಳು ಬೇರೆ. ಓಲೆಗರಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ವರುಷಕ್ಕೊಮ್ಮೆ ತೆಗೆದು ನೋಡುತ್ತಿದ್ದ ಹಿರಿಯರ ಪದ್ಧತಿ ಕಾಗದಕ್ಕೆ ಬರಲಿಲ್ಲ. ಮನೆಯಲ್ಲಿ ಇಂಥ ಹಳೆಯ ಸಂಚಿಕೆಗಳಿರುವ ವಿದ್ಯಾರ್ಥಿಗಳು ಅವುಗಳನ್ನು ಅಟ್ಟದಿಂದ ಇಳಿಸಿ, ಗೋಡೆಗೆ ತಗಲದಂತೆ, ಒಣಗಿದ ತಂಪಾದ ಕಪಾಟಿನಲ್ಲಿ ಮಲಗಿಸಿಡಲಿ. ಹರಿದ ಕಡೆ ಅಂಟುಪಟ್ಟಿ ಹಚ್ಚುವುದು ಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ತೆಗೆಯಲು ಬಾರದು. ಬಿಸಿ ಮಾಡಿ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಷನ್ ಇನ್ನೂ ಕೆಟ್ಟದು.

ಮುಚ್ಚಿದ ಕೋಶಗಳ ವಿಷಯದಲ್ಲಿ ನಮ್ಮದೊಂದು ಸಲಹೆಯುಂಟು. ಅಂಕ ಕೊಡುವವರು ಪರೀಕ್ಷೆಗಾಗಿ ಪ್ರತಿಯೊಂದು ಪುಸ್ತಕವನ್ನೂ ಹೇಗೂ ಪುಟಪುಟವಾಗಿ ತಿರುವಿ ನೋಡಲೇಬೇಕು. ಅದೇ ಕೈಯಿಂದ ಪ್ರತಿ ಪುಟದ ಬಿಂಬವನ್ನೂ ತೆಗೆದು, ಒಡೆಯನ ಒಪ್ಪಿಗೆ ಪಡೆದು, ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಇಡಿಸಬಾರದೇಕೆ? ಕಾಗದದ ಬಣ್ಣವನ್ನೂ ಆಮ್ಲತೆಯನ್ನೂ ಆಗಲೇ ಅಳೆದು ಬರೆದಿಟ್ಟರೆ, ಇಪ್ಪತ್ತು ವರ್ಷದ ಬಳಿಕ ಅದೇ ಪ್ರತಿ ಮತ್ತೆ ಬಂದಾಗ ಕೋಶವು ಎಷ್ಟು ಕಾಯಿತು, ಎಷ್ಟು ಕೆಡಿಸಿತೆಂಬುದಕ್ಕೆ ಊಹೆಯ ಬದಲು ಲೆಕ್ಕ ದೊರೆಯುತ್ತದೆ. 60 ಲಕ್ಷದ ವ್ಯಾಪಾರದಲ್ಲಿ ಇದರ ವೆಚ್ಚ ಎಷ್ಟರದು? ಅಮೆರಿಕದ ಕಾಯಿದೆಯಂತೆ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುದ್ರಣದ ಹಕ್ಕು 95 ವರ್ಷ ತುಂಬಿ 2034ರ ಜನವರಿ 1ರಂದು ಸಾರ್ವಜನಿಕರದಾಗುತ್ತದೆ. ಅಂದಿನಿಂದ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅಷ್ಟು ಹೊತ್ತಿಗೆ ಉಳಿದಿರುವ ನೂರು ಪ್ರತಿಗಳಲ್ಲಿ ಎಷ್ಟರ ಪುಟಗಳನ್ನು ಮುರಿಯದೆ ತೆರೆಯಲು ಸಾಧ್ಯವಾಗುವುದೆಂಬುದು ಇಂದು ಅವುಗಳನ್ನು ಇಟ್ಟುಕೊಂಡಿರುವವರ ಕೈಯಲ್ಲಿದೆ.